ಲಕ್ಕಯ್ಯನ ಕೈಗೆ ಹತ್ತು ರೂಪಾಯಿ

ರಾತ್ರಿ ಒಂಬತ್ತೂವರೆಗೆ ಅಂಗಳದಾಚೆ ಚೊರ್ ಎಂದು ಒಂದು ಸಣ್ಣ ಶಬ್ದವಾಯಿತು. ಡಿಸೆಂಬರಿನ ಚಳಿಗೆ ಮೇಲ್ಗುಡ್ಡದ ಮನೆಗಳು ಎಂಟಕ್ಕೇ ಕದ ಹಾಕಿಕೊಳ್ಳುತ್ತವೆ. ಅಲ್ಲಿ ಒಂಬತ್ತೂವರೆ ಎಂದರೆ ನಡುರಾತ್ರಿಯ ಲೆಕ್ಕ. ಊಟದ ಕ್ಯಾರಿಯರ್ ಬಿಚ್ಚುತ್ತಿದ್ದ ಓಂಕಾರಮೂರ್ತಿ ಕೈ ನಿಲ್ಲಿಸಿ ಕಿವಿಗೊಟ್ಟ.

"ಲಕ್ಕಯ್ಯ ಜೀಪಿಗೆ ನೀರು ಹಾಕ್ತಿದಾನೆ. ಏಳು ತಿರುವು ಹತ್ತಿಸಿ ರೇಡಿಯೇಟರ್ ಕುದ್ದಿರ್ತದೆ, ಪಾಪ," ಎಂದ.

"ಒಂದು ಲೋಟದಷ್ಟು ಸದ್ದೂ ಆಗ್ಲಿಲ್ಲ. ಅಷ್ಟೇ ನೀರು ಸಾಕಾ ಅದಕ್ಕೆ?" ಎಂದು ವಸಂತಮ್ಮ ಕೇಳಿದಳು.

"ಸಾಕು. ಇಂಜಿನ್ ವಿಷಯ ನಿಂಗೆ ಗೊತ್ತಾಗೋದಿಲ್ಲ."

ಇಂಜಿನ್ ವಿಷಯ ಓಂಕಾರಮೂರ್ತಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ ವಿಷಯದಲ್ಲಿ ತಡಮಾಡದೆ ತೀರ್ಮಾನಕ್ಕೆ ಬರುವುದು ಅವನ ದೊಡ್ಡ ಗುಣ. ಆ ಗುಣದ ಬಲದಿಂದಲೇ ಅವನು ಮೇಲ್ಗುಡ್ಡದ ಸಣ್ಣ ಬೆಳೆಗಾರರ ಸಂಘಕ್ಕೆ ಮೂರನೆಯ ಸಲವೂ ಕಾರ್ಯದರ್ಶಿಯಾಗಿದ್ದ. ಸಂಘದಲ್ಲಿ ಇದ್ದದ್ದು ಆರೇ ಮನೆ, ನಿಜ. ಆದರೆ ರಬ್ಬರ್ ಸೀಲು ಇತ್ತು.

ಅದು ಕಾಫಿಗೆ ಬೆಲೆ ಬಿದ್ದ ವರ್ಷ, ಎರಡು ಸಾವಿರದ ಎರಡು. ಹಣ್ಣು ಕೊಯ್ಯುವ ಸುಗ್ಗಿಯ ಮೊದಲ ವಾರದಲ್ಲೇ ವಸಂತಮ್ಮ ಕಾಫಿ ಕಣದಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಓಂಕಾರಮೂರ್ತಿ ಮೂರು ದಿನ ಅಡುಗೆ ಮಾಡಿದ. ನಾಲ್ಕನೆಯ ದಿನ ವಸಂತಮ್ಮನೇ ಬಾಳೂರಿನ ಪರಮೇಶ್ವರಪ್ಪನ ಮೆಸ್ಸಿಗೆ ಫೋನು ಮಾಡಿ ರಾತ್ರಿಯೂಟಕ್ಕೆ ಹೇಳಿದಳು. ಕಳಸದಿಂದ ಬಾಳೂರಿಗೆ ಜೀಪು ಹೊಡೆಯುವ ಲಕ್ಕಯ್ಯ, ಕೊನೆಯ ಟ್ರಿಪ್ಪು ಮುಗಿಸಿ ಆ ಕ್ಯಾರಿಯರನ್ನು ಗುಡ್ಡ ಹತ್ತಿಸಿ ತಂದುಕೊಟ್ಟ. ಇದನ್ನು ನೋಡಿದ ಉಳಿದ ಐದು ಮನೆಯ ಹೆಂಗಸರು, ದಿನವಿಡೀ ತೋಟದಲ್ಲಿ ಕೊಯ್ಲು ನೋಡಿ ರಾತ್ರಿ ಒಲೆ ಹಚ್ಚಲು ತಮ್ಮ ಕೈಗಳೇನೂ ಕಬ್ಬಿಣದಲ್ಲಿ ಮಾಡಿದ್ದಲ್ಲವೆಂದು ಗಂಡಂದಿರಿಗೆ ತಿಳಿಸಿದರು. ವಾರದೊಳಗೆ ಆರು ಮನೆಗೂ ಕ್ಯಾರಿಯರ್ ಬರತೊಡಗಿತು. ಮೇಲ್ಗುಡ್ಡದ ಹೆಂಗಸರು ಅಷ್ಟು ನಗುನಗುತ್ತ ಓಡಾಡಿದ್ದನ್ನು ಹಿಂದೆ ಯಾರೂ ಕಂಡಿರಲಿಲ್ಲ.

ಲಕ್ಕಯ್ಯನಿಗೆ ಇದಕ್ಕೆ ಯಾರೂ ಏನೂ ಕೊಡುತ್ತಿರಲಿಲ್ಲ. ಕಾಫಿ ಕೊಡುತ್ತಿದ್ದರು. ಬಾಗಿಲಿಗೆ ಬಂದವನನ್ನು ಕಾಫಿ ಕೊಡದೆ ಕಳಿಸಿದರೆ ಕಾಫಿ ಬೆಳೆದು ಏನು ಬಂತು? ಲಕ್ಕಯ್ಯ ಲೋಟ ಹಿಡಿದು ಜೀಪಿನ ಹತ್ತಿರ ಹೋಗಿ, ಎರಡೇ ನಿಮಿಷದಲ್ಲಿ ಖಾಲಿ ಲೋಟವನ್ನು ಜಗಲಿ ಮೇಲಿಟ್ಟು ಹೋಗುತ್ತಿದ್ದ. ಐವತ್ತು ದಾಟಿದ, ಅಳೆದು ಮಾತಾಡುವ ಮನುಷ್ಯ. ಓಂಕಾರಮೂರ್ತಿಯ ಮನೆ ಗುಡ್ಡದ ತುದಿಯಲ್ಲಿ, ಏಳನೆಯ ತಿರುವಿನಲ್ಲಿ. ಅಲ್ಲಿ ಕಾಫಿ ಮಾಡುತ್ತಿದ್ದವನು ಓಂಕಾರಮೂರ್ತಿಯೇ. ವಸಂತಮ್ಮ ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳಿಕೊಡುತ್ತಿದ್ದಳು. ಅವನು ಹೇಳಿದ್ದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುತ್ತಿದ್ದ.

ಹೀಗೆ ನಡೆಯುತ್ತಿದ್ದ ಲೋಕಕ್ಕೆ ಟಿಪ್ಸ್ ಎಂಬುದು ಬಂದದ್ದು ಚಿಕ್ಕಮಗಳೂರಿನಿಂದ. ಪ್ಲಾಸ್ಟರ್ ತೋರಿಸಲು ಹೋದಾಗ ವಸಂತಮ್ಮನ ತಮ್ಮ, ಬ್ಯಾಂಕಿನಲ್ಲಿರುವ ದಿಲೀಪ, ಇಬ್ಬರನ್ನೂ ದೊಡ್ಡ ಹೋಟೆಲಿಗೆ ಕರೆದೊಯ್ದಿದ್ದ. ತಿಂದಾದ ಮೇಲೆ ಸೋಂಪಿನ ತಟ್ಟೆಯಲ್ಲಿ ಹತ್ತು ರೂಪಾಯಿ ಇಟ್ಟು, "ಭಾವ, ಇದು ಮ್ಯಾನರ್ಸ್," ಎಂದ. ಮಾಣಿ ನೋಟು ನೋಡಿ ದಿಲೀಪನಿಗೆ ಸಲಾಮು ಹೊಡೆದ. ಓಂಕಾರಮೂರ್ತಿಗೆ ಹೊಡೆಯಲಿಲ್ಲ. ಸಂಘದ ಕಾರ್ಯದರ್ಶಿಯಾಗಿ ಮೂರು ಅವಧಿ ಕಳೆದರೂ ತನಗೆ ಇದುವರೆಗೆ ಒಬ್ಬನೂ ಸಲಾಮು ಹೊಡೆದಿಲ್ಲವೆಂಬುದು ಅವನ ಗಮನಕ್ಕೆ ಬಂದದ್ದು ಆಗಲೇ.

ರೇಡಿಯೇಟರಿನ ಸದ್ದು ಕೇಳಿದ ರಾತ್ರಿ ಅವನು ಇದೆಲ್ಲವನ್ನೂ ಕೂಡಿಸಿ ಯೋಚಿಸಿದ. ಮರುದಿನ ಲಕ್ಕಯ್ಯ ಕ್ಯಾರಿಯರ್ ಕೊಟ್ಟಾಗ ಹತ್ತು ರೂಪಾಯಿಯ ನೋಟನ್ನು ಅವನ ಕೈಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಸಲಾಮಿಗೆ ಜಾಗ ಮಾಡಿಕೊಟ್ಟು ನಿಂತ. ಲಕ್ಕಯ್ಯ ನೋಟನ್ನು ಜೀಪಿನ ದೀಪಕ್ಕೆ ಹಿಡಿದು ಎರಡೂ ಬದಿ ನೋಡಿ, ಜೇಬಿಗಿಟ್ಟು ಹೊರಟುಹೋದ.

ಮಾರನೆಯ ರಾತ್ರಿ ಕ್ಯಾರಿಯರಿನ ಜೊತೆ ಬಾಳೆಲೆಯಲ್ಲಿ ಸುತ್ತಿದ ಒಂದು ಕಟ್ಟು ಬಂತು.

"ಏನು ಲಕ್ಕಯ್ಯ ಇದು?"

"ವೀಳ್ಯದೆಲೆ. ದುಡ್ಡು ಕೊಟ್ರಿ, ಏನು ತರ್ಬೇಕು ಅಂತ ಹೇಳ್ಲೇ ಇಲ್ಲ ನೀವು. ಕಳಸದ ಪೇಟೇಲಿ ಅರ್ಧ ಗಂಟೆ ನಿಂತು ಯೋಚ್ನೆ ಮಾಡ್ದೆ. ಅಮ್ಮಾವ್ರಿಗೆ ಕೈ ನೋವು, ಎಲೆ ಹಾಕ್ಕೊಂಡು ಕೂತ್ರೆ ಹೊತ್ತು ಹೋಗ್ತದೆ ಅಂತ ತಂದೆ."

ಇದರಲ್ಲಿ ಲಕ್ಕಯ್ಯನ ತಪ್ಪೇನೂ ಇರಲಿಲ್ಲ. ಗುಡ್ಡದ ಮೇಲಿನವರು ಜೀಪಿನವನ ಕೈಗೆ ನೋಟು ಕೊಟ್ಟರೆ ಅದು ಏನನ್ನಾದರೂ ತರುವುದಕ್ಕೇ: ಸೀಮೆಎಣ್ಣೆಗೆ, ಮಾತ್ರೆಗೆ, ಟಾರ್ಚಿನ ಸೆಲ್ಲಿಗೆ. ಇಪ್ಪತ್ತು ವರ್ಷದಲ್ಲಿ ಅವನ ಕೈಗೆ ಬಂದ ಪ್ರತಿ ನೋಟೂ ಮರುದಿನ ಒಂದು ಪೊಟ್ಟಣವಾಗಿ ಗುಡ್ಡ ಹತ್ತಿತ್ತು.

"ಅದು ತರೋದಕ್ಕಲ್ಲ ಮಾರಾಯ. ನಿಂಗೇ ಕೊಟ್ಟಿದ್ದು. ಟಿಪ್ಸು," ಎಂದು ಓಂಕಾರಮೂರ್ತಿ ಇನ್ನೊಂದು ಹತ್ತು ರೂಪಾಯಿ ಕೊಟ್ಟ.

"ನಂಗ್ಯಾಕೆ? ನಾನೇನು ಮಾಡ್ದೆ?"

"ಊಟ ತರ್ತೀಯಲ್ಲ."

"ಅದಕ್ಕೆ ಕಾಫಿ ಕೊಡ್ತೀರಲ್ಲ," ಎಂದು ಲಕ್ಕಯ್ಯ ಬಹಳ ಗಂಭೀರವಾಗಿ ಹೇಳಿ, ಕತ್ತಲೆಯ ಕಡೆ ನೋಡಿದ.

ಒಳಗಿನಿಂದ ವಸಂತಮ್ಮ, "ರೀ, ಹೊಸ ಅಭ್ಯಾಸ ಶುರು ಮಾಡೋ ಮುಂಚೆ ಕೆಳಗಿನ ಮನೆಯವ್ರನ್ನ ಒಂದ್ಮಾತು ಕೇಳಿ," ಎಂದಳು. ಓಂಕಾರಮೂರ್ತಿಗೆ ಕೇಳಿಸಲಿಲ್ಲ. ಒಳಗಿನಿಂದ ಬರುವ ಒಳ್ಳೆಯ ಸಲಹೆಗಳಿಗೆ ಅವನ ಕಿವಿ ಸ್ವಲ್ಪ ಮಂದ.

ಲಕ್ಕಯ್ಯ ಪ್ರಾಮಾಣಿಕ. ಜೇಬಿನಲ್ಲಿ ಕೆಲಸವಿಲ್ಲದ ನೋಟು ಇಟ್ಟುಕೊಂಡು ಅವನಿಗೆ ಸಮಾಧಾನವಾಗಲಿಲ್ಲ. ಗುಡ್ಡ ಇಳಿಯುವಾಗ ಐದನೆಯ ತಿರುವಿನ ಲಿಂಗಪ್ಪನ ಮನೆ ಮುಂದೆ ಜೀಪು ನಿಲ್ಲಿಸಿ, "ಮೂರ್ತಿಯವ್ರು ಹತ್ತು ರೂಪಾಯಿ ಕೊಟ್ರು. ತಗೋಬಹುದಾ?" ಎಂದು ನ್ಯಾಯ ಕೇಳಿದ.

ಕೇಳಬಾರದವನನ್ನೇ ಕೇಳಿದ್ದ. ಹಿಂದಿನ ಸುಗ್ಗಿಯಲ್ಲಿ ಲಿಂಗಪ್ಪ ಹಣ್ಣು ಕೊಯ್ಯುವವರಿಗೆ ಸಂಘದ ರೇಟಿಗಿಂತ ಕೆ.ಜಿ.ಗೆ ನಾಲ್ಕಾಣೆ ಹೆಚ್ಚು ಕೊಟ್ಟನೆಂದು ಅವನ ಕೈಲಿ ತಪ್ಪೊಪ್ಪಿಗೆ ಬರೆಸಿ, ಅದರ ಮೇಲೆ ರಬ್ಬರ್ ಸೀಲು ಒತ್ತಿದವನು ಈ ಓಂಕಾರಮೂರ್ತಿಯೇ. ಲಿಂಗಪ್ಪ ಒಂದು ಕ್ಷಣ ಕಣ್ಮುಚ್ಚಿ ಆ ಸೀಲನ್ನು ನೆನೆದ. ಆಮೇಲೆ ತಾನು ಯಾರಿಗೂ ಕಡಿಮೆಯಲ್ಲವೆಂದು ಲಕ್ಕಯ್ಯನಿಗೆ ಹದಿನೈದು ರೂಪಾಯಿ ಕೊಟ್ಟ. ಬೆಳಿಗ್ಗೆ ಏಳಕ್ಕೆ ಓಂಕಾರಮೂರ್ತಿಯ ಅಂಗಳದಲ್ಲಿದ್ದ.

"ರೇಟ್ ಕೆಡಿಸಿದೆಯಲ್ಲ ಮಾರಾಯ."

"ಯಾವ ರೇಟು?"

"ಊಟ ತರೋ ರೇಟು. ನಿನ್ನೆವರೆಗೆ ಸೊನ್ನೆ ಇತ್ತು. ನೀನು ಹತ್ತು ಮಾಡ್ದೆ. ಆಮೇಲೆ ಹದಿನೈದಾಯ್ತು."

"ಹದಿನೈದು ಮಾಡಿದ್ದು ಯಾರು?"

"ಯಾರು ಮಾಡಿದ್ರು ಅನ್ನೋದಲ್ಲ ಪ್ರಶ್ನೆ. ಯಾಕೆ ಮಾಡೋ ಹಾಗಾಯ್ತು ಅನ್ನೋದು."

ಒಂದು ವಾರದಲ್ಲಿ ಆರೂ ಮನೆಯ ಗೇಟಿನಲ್ಲಿ ನೋಟು ಕೈ ಬದಲಾಯಿಸತೊಡಗಿತು. ಯಾರಿಗೂ ಕೊಡಲು ಮನಸ್ಸಿಲ್ಲ, ಕೊಡದೆ ಉಳಿದವರೆನ್ನಿಸಿಕೊಳ್ಳಲೂ ಮನಸ್ಸಿಲ್ಲ. ಲಕ್ಕಯ್ಯನಿಗೋ, ಯಾವ ನೋಟು ತನ್ನದು, ಯಾವುದು ಪೇಟೆಯದು ಎಂಬುದೇ ತಿಳಿಯದಾಯಿತು. ನಡುವಿನ ಒಂದು ಮನೆಯವರು ಟಿಪ್ಸೆಂದು ಕೊಟ್ಟದ್ದಕ್ಕೆ ಅರ್ಧ ಕೆ.ಜಿ. ಮೊಳೆ ಬಂತು. ಅದಕ್ಕಿಂತ ದೊಡ್ಡ ಅನಾಹುತ ಒಂದನೆಯ ತಿರುವಿನಲ್ಲಾಯಿತು. ಅಲ್ಲಿದ್ದವರು ಸಂಘದ ಅಧ್ಯಕ್ಷರಾದ ಸಿದ್ದಬಸಪ್ಪನವರು. ಅವರ ಬಿ.ಪಿ. ಮಾತ್ರೆಗೆಂದು ತಿಂಗಳ ಹದಿನೈದಕ್ಕೆ ಅವರ ಮನೆಯವರು ಲಕ್ಕಯ್ಯನಿಗೆ ಐವತ್ತು ರೂಪಾಯಿ ಕೊಡುವುದು ಎಷ್ಟೋ ವರ್ಷದ ರೂಢಿ. ಮಾತೇ ಬೇಕಿರಲಿಲ್ಲ. ಈ ಸಲವೂ ಮಾತಿಲ್ಲದೆ ಕೊಟ್ಟರು. ಅಧ್ಯಕ್ಷರಲ್ಲವೇ, ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದಾರೆ ಎಂದುಕೊಂಡು ಲಕ್ಕಯ್ಯ ಕೈಮುಗಿದು ಇಟ್ಟುಕೊಂಡ. ಮಾತ್ರೆ ಬರಲಿಲ್ಲ. ಬಿ.ಪಿ. ಬಂತು. ಭಾನುವಾರವೇ ತುರ್ತು ಸಭೆ ಕರೆಯಲಾಯಿತು.

ಸಭೆ ಸೇರಿದ್ದು ಸಿದ್ದಬಸಪ್ಪನವರ ಕಾಫಿ ಕಣದಲ್ಲಿ, ಹರವಿದ ಹಣ್ಣಿನ ಅಂಚಿಗೆ. ಯಾವುದೋ ಬಾಡಿಗೆಗೆ ಬಂದಿದ್ದ ಲಕ್ಕಯ್ಯ ಜೀಪಿಗೆ ಒರಗಿ ನಿಂತಿದ್ದ.

"ನಾನು ಹೋಗ್ಬಹುದಾ?" ಎಂದು ಕೇಳಿದ.

"ನಿನ್ನ ವಿಷಯಾನೇ ಮಾತಾಡ್ತಿರೋದು. ನೀನು ಸುಮ್ನಿರು," ಎಂದರು ಸಿದ್ದಬಸಪ್ಪ.

ಮೊದಲು ಟಿಪ್ಸಿಗೆ ಒಂದು ರೇಟು ಕಟ್ಟುವ ಪ್ರಯತ್ನವಾಯಿತು. ತಿರುವಿಗೆ ಎಂಟಾಣೆಯಂತೆ ಆಗಲಿ ಎಂದು ಸಿದ್ದಬಸಪ್ಪ ಸೂಚಿಸಿದರು. ಅವರದು ಒಂದೇ ತಿರುವು. ಏಳು ತಿರುವಿನ ಓಂಕಾರಮೂರ್ತಿ, ಇಳಿಯುವಾಗ ಲಕ್ಕಯ್ಯ ಇಂಜಿನ್ ಆಫ್ ಮಾಡುವುದರಿಂದ ಆ ಡೀಸೆಲ್ಲಿನ ಉಳಿತಾಯವನ್ನು ಕಳೆಯಬೇಕೆಂದ. ನಾಯಿ ಇರುವ ಮನೆಯವರು ಒಂದು ರೂಪಾಯಿ ಹೆಚ್ಚು ಕೊಡಲಿ ಎಂದು ಯಾರೋ ಹೇಳಿದರು.

"ನಮ್ಮ ನಾಯಿ ಕಚ್ಚೋದಿಲ್ಲ," ಎಂದ ಲಿಂಗಪ್ಪ.

"ಅದು ನಿಮಗೆ ಗೊತ್ತು. ಲಕ್ಕಯ್ಯನಿಗೆ ಗೊತ್ತಿರ್ಬೇಕಲ್ಲ."

"ಲಕ್ಕಯ್ಯನ್ನೇ ಕೇಳಿ."

"ಅವನು ಸುಮ್ನಿರ್ಲಿ," ಎಂದರು ಸಿದ್ದಬಸಪ್ಪ.

ಕೊನೆಗೆ ಲಿಂಗಪ್ಪ ಎದ್ದು ನಿಂತ. "ರೇಟ್ ಮುರಿದವರು ಯಾರೇ ಆಗ್ಲಿ, ತಪ್ಪೊಪ್ಪಿಗೆ ಬರ್ಕೊಡೋದು ಸಂಘದ ನಿಯಮ. ಮೂರ್ತಿ ಏನೂ ಕಷ್ಟಪಡಬೇಕಾಗಿಲ್ಲ. ನನ್ನ ಕೈಲಿ ಬರೆಸಿದ್ದು ಫೈಲಲ್ಲಿದೆ. ಅದನ್ನೇ ನೋಡಿ ಕಾಪಿ ಮಾಡ್ಲಿ, ಹೆಸರೊಂದು ಬದಲಾಯಿಸಿದ್ರೆ ಸಾಕು."

ಎಲ್ಲರೂ ಓಂಕಾರಮೂರ್ತಿಯ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ಬೇರೆಯವರಾಗಿದ್ದರೆ ಅಳುಕುತ್ತಿದ್ದರು. ಓಂಕಾರಮೂರ್ತಿ ಶಾಲು ಸರಿಮಾಡಿಕೊಂಡ. "ದುಡ್ಡು ಕೊಟ್ಟಿದ್ದು ತಪ್ಪಾಯ್ತು ಅಂತ ಇಟ್ಕೊಳ್ಳಿ. ನಾವು ಕಾಫಿ ಬೆಳೆಯೋರು. ಇನ್ನುಮುಂದೆ ಯಾರೂ ಕಾಸು ಕೊಡೋದು ಬೇಡ. ಅದರ ಬದ್ಲು ಕಾಫಿ ಜಾಸ್ತಿ ಮಾಡೋಣ. ಸಣ್ಣ ಲೋಟದ ಬದಲು ದೊಡ್ಡ ಲೋಟ. ಲಕ್ಕಯ್ಯ ಸಂಕೋಚದ ಮನುಷ್ಯ, ಅರ್ಧಕ್ಕೇ ಬಿಟ್ಟಾನು. ಮನೆಯವರೊಬ್ಬರು ಎದುರಿಗೆ ನಿಂತು, ಪೂರ್ತಿ ಕುಡಿಸಿಯೇ ಕಳಿಸ್ಬೇಕು."

ಖರ್ಚಿಲ್ಲದ ನಿರ್ಣಯ, ಎಲ್ಲರ ಕೈಯೂ ಮೇಲೆದ್ದಿತು. ಲಕ್ಕಯ್ಯ ಬಾಯಿ ತೆರೆದು ಮತ್ತೆ ಮುಚ್ಚಿದ್ದನ್ನು ಯಾರೂ ಗಮನಿಸಲಿಲ್ಲ.

"ಒಂದು ವಾರ ನೋಡೋಣ," ಎಂದು ಸಿದ್ದಬಸಪ್ಪ ಮುಗಿಸಿದರು. "ಊಟ ಬರೋದ್ರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೂರ್ತಿ ತಪ್ಪೊಪ್ಪಿಗೆ ಬರೆದು ಸೀಲು ಲಿಂಗಪ್ಪನ ಕೈಗೆ ಕೊಡೋದು."

ಸೋಮವಾರ ರಾತ್ರಿ ಲಕ್ಕಯ್ಯ ಆರು ಮನೆಯಲ್ಲಿ, ಆರು ಜನರ ಕಾವಲಿನಲ್ಲಿ, ಆರು ದೊಡ್ಡ ಲೋಟ ಕಾಫಿ ಕುಡಿದ. ಕೊನೆಯ ಲೋಟವನ್ನು ಓಂಕಾರಮೂರ್ತಿ ತಾನೇ ಮಾಡಿ, ಎದುರಿಗೆ ನಿಂತು, ತಳ ಕಾಣುವವರೆಗೆ ಬಿಡಲಿಲ್ಲ. ಅಂದು ಚೊರ್ ಎಂಬ ಸದ್ದು ಕೇಳಲಿಲ್ಲ. ರೇಡಿಯೇಟರು ಸರಿಹೋಗಿರಬೇಕೆಂದು ಅವನು ತೀರ್ಮಾನಿಸಿದ.

ಮಂಗಳವಾರ ಜೀಪು ಬರಲಿಲ್ಲ.

ಎಂಟೂವರೆಯಾಯಿತು. ಒಂಬತ್ತಾಯಿತು. ಒಂಬತ್ತೂಕಾಲಿಗೆ ಪರಮೇಶ್ವರಪ್ಪ ಫೋನು ಮಾಡಿ, ಊಟ ಮೆಸ್ಸಿನಲ್ಲೇ ಆರುತ್ತಿದೆ, ಲಕ್ಕಯ್ಯ ಹುಷಾರಿಲ್ಲವೆಂದು ಮನೆ ಸೇರಿದ್ದಾನೆ, ಇನ್ನು ಗುಡ್ಡ ಹತ್ತುವುದಿಲ್ಲವಂತೆ ಎಂದ. ಕಾಲು ಗಂಟೆಯಲ್ಲಿ ಐದು ಟಾರ್ಚುಗಳು ಏಳನೆಯ ತಿರುವಿಗೆ ಬಂದವು. ಗಂಡಸರ ಹಿಂದೆ ಹೆಂಗಸರಿದ್ದರು. ಅವರ ಮುಖ ನೋಡಿದರೆ ಒಲೆಯ ಮುಂದಿನ ರಾತ್ರಿಗಳು ತಮ್ಮನ್ನು ಮತ್ತೆ ಕರೆಯುತ್ತಿವೆಯೆಂದು ಅವರಿಗೆ ಗೊತ್ತಾಗಿದೆಯೆಂಬುದು ಸ್ಪಷ್ಟವಾಗಿತ್ತು.

"ಕಾಗದ, ಪೆನ್ನು ತರ್ಲಾ?" ಎಂದ ಲಿಂಗಪ್ಪ.

"ಬರೆಯೋದು ಆಮೇಲೆ," ಎಂದಳು ಅವನ ಹೆಂಡತಿ. "ಮೊದ್ಲು ಊಟ ಬರ್ಲಿ. ಕೆಡಿಸಿದೋರೇ ಹೋಗಿ ಲಕ್ಕಯ್ಯನ್ನ ಒಪ್ಪಿಸ್ಲಿ. ಹೋಗ್ತಾ ಖಾಲಿ ಕ್ಯಾರಿಯರ್‌ಗಳ್ನೂ ತಗೊಂಡೋಗ್ಲಿ."

ಕೊಡುವಾಗ ಮಾತ್ರ ಒಂದು ವಿಚಿತ್ರ ಕಂಡಿತು. ಲಿಂಗಪ್ಪ ತನ್ನ ಮನೆಯ ಕ್ಯಾರಿಯರನ್ನು ಬಿಡಲೊಲ್ಲ. "ನಾನೇ ನಾಳೆ ಕೊಡ್ತೀನಿ ಬಿಡು," ಎಂದ. ಸಿದ್ದಬಸಪ್ಪನವರೂ, "ನಮ್ದು ತೊಳೆದಿಲ್ಲ," ಎಂದರು. ಅವರ ಹೆಂಡತಿ ತೊಳೆದಿದೆ ಎಂದರು. ವಸಂತಮ್ಮ ಎಡಗೈಯಲ್ಲೇ ತಮ್ಮ ಕ್ಯಾರಿಯರ್ ತಂದು, "ತೊಳೆದು ಒರೆಸಿಟ್ಟಿದೀನಿ. ದಾರೀಲಿ ಬಿಚ್ಚಬೇಡಿ," ಎಂದಳು.

ಓಂಕಾರಮೂರ್ತಿ ಆರು ಕ್ಯಾರಿಯರನ್ನೂ ಒಂದು ಗಳುವಿಗೆ ಸಿಕ್ಕಿಸಿ, ಹೆಗಲಿಗಿಟ್ಟು, ಟಾರ್ಚು ಹಿಡಿದು ಹೊರಟ. ಹೊಟ್ಟೆ ಹಸಿದಿತ್ತು, ಸೀಲು ಕೈತಪ್ಪುವುದರಲ್ಲಿತ್ತು. ಆದರೂ ನಡಿಗೆಯಲ್ಲಿ ಗೆದ್ದುಬರುವವನ ಠೀವಿಯಿತ್ತು. ನಾಲ್ಕನೆಯ ತಿರುವಿನಲ್ಲಿ ಲಿಂಗಪ್ಪನ ಕ್ಯಾರಿಯರಿನ ಕೊಕ್ಕೆ ಕಳಚಿ ಡಬ್ಬಿಗಳು ಉರುಳಿದವು. ಆರಿಸಿಕೊಳ್ಳಲು ಬಗ್ಗಿದಾಗ ತಳದ ಡಬ್ಬಿಯಿಂದ ನಾಲ್ಕು ಮಡಿಕೆಯ ಒಂದು ಪುಟ್ಟ ಕಟ್ಟು ಬಿತ್ತು. ಹದಿನೈದು ರೂಪಾಯಿ.

ನಿರ್ಣಯವಾಗಿ ಮೂರು ದಿನವೂ ಆಗಿರಲಿಲ್ಲ. ಓಂಕಾರಮೂರ್ತಿ ಮೋರಿಯ ಕಟ್ಟೆಯ ಮೇಲೆ ಕೂತು, ಕಾರ್ಯದರ್ಶಿಯ ಕರ್ತವ್ಯವೆಂದು ಒಂದೊಂದೇ ಕ್ಯಾರಿಯರ್ ಬಿಚ್ಚಿದ. ಎಲ್ಲದರ ತಳದಲ್ಲೂ ಮಡಿಸಿದ ನೋಟು. ಸಿದ್ದಬಸಪ್ಪನವರದರಲ್ಲಿ ಇಪ್ಪತ್ತು ರೂಪಾಯಿಯ ಜೊತೆ ಒಂದು ಚೀಟಿಯೂ ಇತ್ತು: "ಇದು ಮಾತ್ರೆಗಲ್ಲ." ಕೊನೆಗೆ ತನ್ನ ಮನೆಯದನ್ನು ಬಿಚ್ಚಿದ. ಚೆನ್ನಾಗಿ ಒರೆಸಿದ ಡಬ್ಬಿಯಲ್ಲಿ ಹತ್ತು ರೂಪಾಯಿ, ಒಂದೇ ಕೈಯಲ್ಲಿ ಮಡಿಸಿದ್ದರಿಂದ ಸ್ವಲ್ಪ ಸೊಟ್ಟಗೆ ಕೂತಿತ್ತು. ಅವನು ಎಲ್ಲವನ್ನೂ ಇದ್ದಲ್ಲೇ ಇಟ್ಟು, ಕೊಕ್ಕೆ ಹಾಕಿ, ಮುಂದೆ ನಡೆದ.

ಲಕ್ಕಯ್ಯನ ಮನೆ ಗುಡ್ಡದ ಬುಡದಲ್ಲೇ. ಬಾಗಿಲು ತೆಗೆದವಳು ಅವನ ಹೆಂಡತಿ ಜವರಮ್ಮ.

"ಮೆತ್ತಗೆ ಮಾತಾಡಿ ಮೂರ್ತಿಯವ್ರೇ. ನಿನ್ನೆ ಇಡೀ ರಾತ್ರಿ ಮನುಷ್ಯ ಮಲಗಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಜೀಪು ತೊಳೀತಿದ್ರು."

ಕಂಬಳಿ ಹೊದ್ದ ಲಕ್ಕಯ್ಯ ಎದ್ದು ಬಂದ. ಕಣ್ಣು ಕೆಂಪಗಿತ್ತು.

"ನಮ್ಮಿಂದ ಏನು ತಪ್ಪಾಯ್ತು ಲಕ್ಕಯ್ಯ? ಕಾಸು ಕಮ್ಮಿ ಅಂತಾನಾ? ಎಷ್ಟು ಬೇಕು ಹೇಳು. ಸಂಘದಲ್ಲಿ ನಾನು ಮಾತಾಡ್ತೀನಿ."

"ದಯವಿಟ್ಟು ಮಾತಾಡ್ಬೇಡಿ," ಎಂದ ಲಕ್ಕಯ್ಯ. "ಕಾಸಿನ ಮಾತಲ್ಲ ಮೂರ್ತಿಯವ್ರೇ. ನಂಗೆ ಕಾಫಿ ಆಗೋದಿಲ್ಲ."

ಓಂಕಾರಮೂರ್ತಿಗೆ ಅರ್ಥವಾಗಲಿಲ್ಲ. ಕಾಫಿಯಾಗದ ಮನುಷ್ಯನನ್ನು ಅವನು ಆ ಸೀಮೆಯಲ್ಲಿ ಕಂಡಿರಲಿಲ್ಲ.

"ಮೊದ್ಲಿಂದಾನೂ ಹಂಗೇ. ಒಂದು ಗುಟುಕು ಕುಡಿದ್ರೆ ಎದೆ ಉರೀತದೆ, ನಿದ್ದೆ ಬರೋದಿಲ್ಲ. ಮನೇಲಿ ಕುಡಿಯೋದು ಜೀರಿಗೆ ಕಷಾಯ. ಆದ್ರೆ ಕಾಫಿ ಬೆಳೆಯೋರ ಮನೇಲಿ ಕಾಫಿ ಬೇಡ ಅಂದ್ರೆ ಮನೇನೇ ಬೇಡ ಅಂದಂಗೆ. ಅದಕ್ಕೆ ಇಸ್ಕೊಳ್ತಿದ್ದೆ. ಜೀಪಿನ ಮರೇಲಿ ಚೆಲ್ಲಿಬಿಡ್ತಿದ್ದೆ. ಲಿಂಗಪ್ಪನವ್ರ ಮನೇಲಿ ದಾಸವಾಳದ ಬುಡಕ್ಕೆ, ಅಧ್ಯಕ್ಷರ ಮನೇಲಿ ಬಾಳೆ ಬುಡಕ್ಕೆ."

"ನಮ್ಮನೇಲಿ?"

"ನಿಮ್ಮ ಮನೇದು ಚರಂಡಿಗೆ," ಎಂದ ಲಕ್ಕಯ್ಯ, ಬಹಳ ಸಂಕೋಚದಿಂದ. "ಗಿಡಕ್ಕೆ ಹಾಕೋಕೆ ಧೈರ್ಯ ಆಗ್ಲಿಲ್ಲ."

ಒಳಗೆ ಜವರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಚೆಲ್ಲೋವರೆಗೆ ನಡೀತಿತ್ತು. ನೀವು ಮೀಟಿಂಗ್ ಮಾಡಿ ಕಾವಲು ಹಾಕ್ಬಿಟ್ರಿ. ಇನ್ನೊಂದು ರಾತ್ರಿ ಹಂಗೆ ಕುಡಿದ್ರೆ ಬೆಳಿಗ್ಗೆ ಜನ ತುಂಬ್ಕೊಂಡು ತಿರುವಲ್ಲಿ ಜೀಪು ಹೊಡೆಯೋಕಾಗಲ್ಲ ನಂಗೆ."

ಓಂಕಾರಮೂರ್ತಿ ನಿಂತಲ್ಲೇ ಎಲ್ಲವನ್ನೂ ಜೋಡಿಸಿದ. ಚೊರ್ ಎಂಬ ಸದ್ದು, ರೇಡಿಯೇಟರು, ಹತ್ತು ರೂಪಾಯಿ. ಹೀಗೆ ಜೋಡಿಸಿ ನೋಡಿದಾಗ ತಪ್ಪೆಲ್ಲವೂ ಒಂದೇ ಕಡೆ ಬಂದು ನಿಲ್ಲುವಂತೆ ಕಂಡದ್ದರಿಂದ ಮತ್ತೆ ಬಿಡಿಸಿಟ್ಟ.

"ಹಾಗಾದ್ರೆ ಟಿಪ್ಸು ಬೇಕಾ ಬೇಡ್ವಾ, ಒಂದು ಮಾತು ಹೇಳು. ಎಷ್ಟು ಕೊಡ್ಬೇಕು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ."

ಲಕ್ಕಯ್ಯ ಮೊದಲ ಸಲ ನಕ್ಕ. "ಕೊಟ್ರೆ ಬೇಡ ಅನ್ನೋದಿಲ್ಲ. ಕೊಡ್ದಿದ್ರೆ ಕೇಳೋದಿಲ್ಲ. ಎಷ್ಟಾದ್ರೂ ಕೊಡಿ, ಏನು ತರೋದಕ್ಕೆ ಅಂತ ಮಾತ್ರ ನಾನು ಯೋಚ್ನೆ ಮಾಡೋ ಹಂಗೆ ಇಡ್ಬೇಡಿ."

"ಖಾಲಿ ಕ್ಯಾರಿಯರ್ ತಳದಲ್ಲಿದ್ರೆ ಅದು ನಿಂದು. ಕೈಗೆ ಕೊಟ್ರೆ ಪೇಟೇದು," ಎಂದ ಓಂಕಾರಮೂರ್ತಿ ತಕ್ಷಣ. ಅವನ ಜೀವಮಾನದ ಅತಿ ಸ್ಪಷ್ಟ ನಿಯಮ ಅದು. ಬರೆದಿಡುವಂತಿರಲಿಲ್ಲ ಎಂಬುದೊಂದೇ ಕೊರತೆ.

ಹತ್ತೂವರೆಗೆ ಜೀಪು ಊಟದ ಸಮೇತ ಗುಡ್ಡ ಹತ್ತಿತು. ಮುಂದಿನ ಸೀಟಿನಲ್ಲಿ ಓಂಕಾರಮೂರ್ತಿ ಕೂತಿದ್ದ. ಸಿದ್ದಬಸಪ್ಪನವರ ಅಂಗಳದಲ್ಲಿ ಎಲ್ಲರೂ ಸುತ್ತುಗಟ್ಟಿದರು.

"ಏನಂತೆ ಅವನಿಗೆ?"

"ಕಾವಲು ನಿಂತು ಕುಡಿಸಿದ್ದು ಅವನ ಮರ್ಯಾದೆಗೆ ನೋವಾಗಿದೆ. ಇನ್ಮೇಲೆ ಮೊದಲಿನ ಹಾಗೆ ಸಣ್ಣ ಲೋಟ. ಕೊಟ್ಟು ಒಳಗೆ ಹೋಗ್ಬಿಡ್ಬೇಕು. ಯಾರೂ ನೋಡ್ಬಾರ್ದು."

"ಮತ್ತೆ ಕಾಸು?" ಎಂದು ಸಿದ್ದಬಸಪ್ಪ ಮಾಡಿನ ಹೆಂಚು ನೋಡುತ್ತ ಕೇಳಿದರು.

"ಯಾರೂ ಕೊಡ್ತಿಲ್ಲ. ಸಂಘದ ನಿರ್ಣಯ ಇದೆಯಲ್ಲ," ಎಂದು ಓಂಕಾರಮೂರ್ತಿ ಲಿಂಗಪ್ಪನನ್ನು ನೋಡಿದ. "ನಿನ್ನ ಕ್ಯಾರಿಯರ್ ಕೊಕ್ಕೆ ಸಡಿಲ ಆಗಿದೆ ಮಾರಾಯ. ದಾರೀಲಿ ಬಿಚ್ಕೊಳ್ತು. ನಾನೇ ಸರಿಮಾಡಿ ಹಾಕ್ದೆ."

ಲಿಂಗಪ್ಪನ ಕಾಗದ, ಪೆನ್ನು ಜೇಬಿನಲ್ಲೇ ಉಳಿದವು. ಸೀಲು ಇದ್ದಲ್ಲೇ ಉಳಿಯಿತು. ನಡಾವಳಿ ಪುಸ್ತಕದಲ್ಲಿ ಕಾರ್ಯದರ್ಶಿ, 'ನಿರ್ಣಯವು ಆರೂ ಮನೆಗಳಲ್ಲಿ ಸಮಾನವಾಗಿ ಪಾಲನೆಯಾಗುತ್ತಿದೆ' ಎಂದು ಬರೆದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಜನವರಿಯ ಕೊನೆಗೆ ವಸಂತಮ್ಮನ ಪ್ಲಾಸ್ಟರ್ ಬಿಚ್ಚಿದರು. ಕೈ ಸ್ವಾಧೀನಕ್ಕೆ ಬಂದ ಮೊದಲ ರಾತ್ರಿ ಅವಳು ಹೊಸದಾಗಿ ಬೀಜ ಹುರಿದು ಪುಡಿಮಾಡಿ, ಗಟ್ಟಿ ಡಿಕಾಕ್ಷನ್ ಇಳಿಸಿ, ನೊರೆ ಬರುವಂತೆ ಕಾಫಿ ಬೆರೆಸಿ, ತಾನೇ ಲಕ್ಕಯ್ಯನ ಕೈಗೆ ಕೊಟ್ಟು ಒಳಗೆ ಬಂದಳು. ಆ ಘಮಕ್ಕೆ ಓಂಕಾರಮೂರ್ತಿಯ ಬಾಯಲ್ಲೇ ನೀರೂರಿತು.

"ಪಾಪ, ಎರಡು ತಿಂಗಳು ನೀವು ಮಾಡಿದ್ದನ್ನ ಕುಡಿದು ಸಾಕಾಗಿತ್ತು ಅವನಿಗೆ," ಎಂದಳು. "ಇವತ್ತು ಬಾಯಿಗೆ ರುಚಿ ಹತ್ತಿರ್ತದೆ."

ಆಗ ಹೊರಗೆ ಚೊರ್ ಎಂದಿತು.

ವಸಂತಮ್ಮ ಕಿವಿಗೊಟ್ಟಳು. "ಏನದು?"

ಓಂಕಾರಮೂರ್ತಿ ಹೆಂಡತಿಯ ಮುಖ ನೋಡಿದ. ಕೆಳಗಿನ ಐದು ಮನೆಗಳನ್ನು ನೆನೆದ. ಪ್ರತಿ ಮನೆಯಲ್ಲೂ ಒಬ್ಬೊಬ್ಬಳು, ಲಕ್ಕಯ್ಯನಿಗೆ ತನ್ನ ಕಾಫಿಯೇ ಇಷ್ಟವೆಂದು ನಂಬಿ ಈಗಷ್ಟೇ ದೀಪ ಆರಿಸಿ ಮಲಗಿದ್ದಾಳೆ. ಮೂರು ಅವಧಿಯ ಕಾರ್ಯದರ್ಶಿ ತನ್ನ ಬದುಕಿನಲ್ಲಿ ಮೊದಲ ಬಾರಿಗೆ, ತನಗೆ ನಿಜವಾಗಿ ಗೊತ್ತಿರುವ ಒಂದು ವಿಷಯವನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದ.

"ಜೀಪಿಗೆ ನೀರು ಹಾಕ್ತಿದಾನೆ," ಎಂದ. "ಇಂಜಿನ್ ವಿಷಯ ನಿಂಗೆ ಗೊತ್ತಾಗೋದಿಲ್ಲ."